ಉಪ್ಪಿನ ಗಡಿಗೆ ಕೇಳಿದ ಗಂಗತ್ತಿ

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡುತ್ತಿದ್ದುದು ದೇವರ ಪಟವನ್ನಲ್ಲ, ಹಿತ್ತಲಿನ ಬಚ್ಚಲ ಒಲೆಯ ಪಕ್ಕದಲ್ಲಿದ್ದ ಗಾಜಿನ ಕೊಳವೆಯನ್ನು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಬೆರಳ ತುದಿ ಚುಚ್ಚಿ ಸಕ್ಕರೆ ಹೇಳುವ ಯಂತ್ರ ಆಗ ಮನೆಗಳಿಗೆ ಬಂದಿರಲಿಲ್ಲ. ರಾಯಚೂರಿನಿಂದ ತಂದ ನೀಲಿ ದ್ರಾವಣವನ್ನು ಕೊಳವೆಗೆ ಹಾಕಿ, ಅಪ್ಪನ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಆ ದಿನ ಅವ್ವನ ಮುಖವೂ ಅದೇ ಬಣ್ಣ. ನಮ್ಮದು ಸೀರೆ ವ್ಯಾಪಾರದ ಮನೆ. ಬರಿಯ ಹಸಿರು, ಬರಿಯ ಹಳದಿ ಎಂದರೆ ನಮ್ಮಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮೂತ್ರದ ಬಣ್ಣಕ್ಕೂ ಸೀರೆಯ ಬಣ್ಣದ ಹಾಗೆ ಹೆಸರಿಟ್ಟು ಜಗಳವಾಡುತ್ತಿದ್ದರು.

"ಗಿಣಿಹಸರ ಐತಿ" ಎಂದು ಅಪ್ಪ ಶುರು ಮಾಡುವರು.

"ಸುಳ್ಳ ಹೇಳಬ್ಯಾಡ್ರಿ. ಸಾಸಿವಿ ಹೂವಿನ ಬಣ್ಣ. ನಿನ್ನಿ ಎಲ್ಲಿ ಏನ ತಿಂದ್ರಿ?" ಎನ್ನುವಳು ಅವ್ವ.

"ಗಿರಾಕಿ ಕೊಟ್ಟ ಒಂದ ಪೇಡೆ. ಬ್ಯಾಡ ಅಂದಿದ್ರ ಇಜ್ಜತ್ ಹೋಗ್ತಿತ್ತು."

"ನಿಮ್ಮ ಇಜ್ಜತ್ ಕೊಳವ್ಯಾಗ ಕಾಣಾಕತ್ತೈತಿ ನೋಡ್ರಿ."

ಈ ಪರೀಕ್ಷೆ ಮುಗಿಯದೆ ಅಪ್ಪನಿಗೆ ಸ್ನಾನವಿಲ್ಲ, ಸ್ನಾನವಾಗದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಊಟವಿಲ್ಲ. ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿಗೆ ಆ ಕೊಳವೆಯನ್ನು ಕಂಡರಾಗದು. ಅದು ಅಡುಗೆಮನೆಯ ಹೊಸ್ತಿಲು ದಾಟಬಾರದು, ಅದನ್ನು ಮುಟ್ಟಿದವರು ಕೈ ತೊಳೆಯದೆ ರೊಟ್ಟಿಯ ಬುಟ್ಟಿ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಕೊಳವೆ ತೊಳೆದು, ಬೂದಿ ಹಚ್ಚಿ ಕೈ ಉಜ್ಜಿ, ದೀಪದ ಬತ್ತಿ ಕತ್ತರಿಸಿಡುವುದು ನನ್ನ ಕೆಲಸವಾಗಿತ್ತು. ಶಾಲೆಗೆ ಹೊರಡುವ ಮೊದಲು ಅದಾಗಲೇಬೇಕು. ಮುಂದೆ ನಾನೇ ಶಾಲೆಯಲ್ಲಿ ಪಾಠ ಹೇಳುವವಳಾದಾಗ ಗಂಟೆ ತಪ್ಪಿಸುವ ಮಕ್ಕಳನ್ನು ಸಹಿಸಲಾರದವಳು ಎಂದು ಹೆಸರು ಪಡೆದೆ. ಆ ಹೆಸರು ನನಗೆ ಬಂದದ್ದು ಈ ಹಿತ್ತಲಿನಿಂದ, ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಮನೆ ಉದ್ದಕ್ಕೆ ಇತ್ತು. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ಪಡಸಾಲೆ ಪೂರ್ತಿ ಸೀರೆಗಳದ್ದು. ಮಗ್ಗದವರು ತಂದ ಚೌಕಡಿ ಸೀರೆಗಳನ್ನು ಅಲ್ಲಿ ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ನೋಡಿ ಮಡಚಿಡುವುದು ಗಂಗತ್ತಿಯ ಪಾಲಿನದು. ಗಂಗತ್ತಿ ಎಂದರೆ ಅಪ್ಪನ ಕೊನೆಯ ತಂಗಿ ಗಂಗಮ್ಮ, ನನಗೆ ಸೋದರತ್ತೆ. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದರೆ ನೇರ. ಸೀರೆಯಲ್ಲಿ ಎಳೆ ತಪ್ಪಿದ ಜಾಗ ಸಿಕ್ಕರೆ ಅಂಚಿಗೊಂದು ಕೆಂಪು ನೂಲಿನ ಗಂಟು ಹಾಕುವಳು. ಗಿರಾಕಿ ಬಂದಾಗ ಅಪ್ಪ ಮೊದಲು ಆ ಗಂಟಿನ ಜಾಗವನ್ನೇ ಬಿಚ್ಚಿ ತೋರಿಸುವುದು ನಮ್ಮ ಅಂಗಡಿಯ ಪದ್ಧತಿ. ಕೊರತೆ ಮೊದಲು, ಸೆರಗು ಆಮೇಲೆ. ಪೇಟೆಯ ಬೇರೆ ವ್ಯಾಪಾರಿಗಳು ಇದನ್ನು ಕಂಡು ನಗುತ್ತಿದ್ದರು. ಆದರೆ ಕೊತ್ತಪಲ್ಲಿ, ಮದ್ದೂರಿನ ಕಡೆಯ ರೈತರು ಮದುವೆಯ ಜವಳಿಗೆ ಆ ವ್ಯಾಪಾರಿಗಳ ಅಂಗಡಿಗಳನ್ನು ದಾಟಿಕೊಂಡೇ ನಮ್ಮಲ್ಲಿಗೆ ಬರುತ್ತಿದ್ದರು.

ಅವ್ವ ಮಕ್ತಲ್‌ನ ಮಗಳು. ಅವಳ ತವರಿನಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆಯ ತುಂಬ ಮೆಣಸಿನಕಾಯಿ. ಸೀಳಿ, ಉಪ್ಪು ತುಂಬಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಆ ಕಾಯಿಗಳು ಗಡಿಗೆಗಟ್ಟಲೆ ನಮ್ಮ ಮನೆಗೆ ಬರುತ್ತಿದ್ದವು. ಅಪ್ಪನಿಗೆ ಬೆಲ್ಲ ನಿಂತ ದಿನದಿಂದ ಅವ್ವನಿಗೆ ಒಂದೇ ಚಿಂತೆ, ಗಂಡನ ನಾಲಿಗೆಗೆ ರುಚಿ ಯಾವುದು ಎಂದು. ಸಿಹಿಯ ವೈರಿ ಉಪ್ಪು ಎಂದು ಅವಳೇ ತೀರ್ಮಾನಿಸಿದಳು. ಕಾಯಿಲೆ ಸಿಹಿಯಿಂದ ಬಂದದ್ದಾದರೆ ಅದನ್ನು ಹೊಡೆಯುವುದು ಉಪ್ಪೇ ಅಲ್ಲವೇ. ಹಾಗೆಂದು ಪಲ್ಯಕ್ಕೆ ಒಂದು ಚಿಟಿಕೆ ಹೆಚ್ಚಿತು, ರೊಟ್ಟಿಯ ಪಕ್ಕ ಕರಿದ ಮೆಣಸಿನಕಾಯಿ ಬಂತು, ಊಟದ ಕೊನೆಗೆ ಉಪ್ಪು ಕಲಸಿದ ಮಜ್ಜಿಗೆ. ಕೊಳವೆ ನೀಲಿಯಾಗಿಯೇ ಉಳಿಯಿತು. ಓಣಿಯ ಹೆಂಗಸರು ಬಂದು ಅವ್ವನಿಂದ ಈ ಉಪಾಯ ಕಲಿತು ಹೋದರು. ಇದು ನಮ್ಮಂಥವರೇ ಮಾಡಬಹುದಾದ ತಪ್ಪು. ತಲೆತಲಾಂತರದಿಂದ ಬಣ್ಣ ನೋಡಿ ಬದುಕಿದವರು ನಾವು. ಬಣ್ಣದಲ್ಲಿ ಕಾಣದ ರೋಗವೂ ಇರುತ್ತದೆಂದು ನಮ್ಮ ತಲೆಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಸೀರೆಯ ಗಂಟು ಎತ್ತುವಾಗ ತಲೆ ತಿರುಗಿ ಗೋಡೆ ಹಿಡಿದು ಕುಳಿತರು. ಹಿಂಗತ್ತು ಒಂದೇ ಸಮನೆ ನೋಯುತ್ತದೆ ಎಂದರು. ಮರುದಿನ ರಾಯಚೂರಿನ ಬಸ್ಸು ಹಿಡಿದೆವು. ಆಯಿಯನ್ನು ನೋಡಿಕೊಳ್ಳಲು ಅವ್ವ ಮನೆಯಲ್ಲಿ ಉಳಿದಳು, ಗಂಗತ್ತಿ ಜೊತೆಗೆ ಬಂದಳು, ಅವಳ ಸೆರಗು ಹಿಡಿದು ನಾನೂ ಹೋದೆ. ವೈದ್ಯರು ವಯಸ್ಸಾದವರು, ರಾಯಚೂರಿನ ಸುತ್ತಿನವರೇ. ಅಪ್ಪನ ತೋಳಿಗೆ ಬಟ್ಟೆ ಸುತ್ತಿ ಗಾಳಿ ತುಂಬಿದರು. ಪಾದರಸ ಏರಿ ಇಳಿಯುವುದನ್ನು ನೋಡಿದರು. ಮತ್ತೊಮ್ಮೆ ಮಾಡಿದರು.

"ಕೊಳವಿ ನೀಲಿ ಐತ್ರಿ ಡಾಕ್ಟ್ರೇ. ದಿನಾ ನೋಡ್ತೀವಿ" ಎಂದರು ಅಪ್ಪ, ಕೇಳುವ ಮೊದಲೇ.

"ನೀಲಿ ಇದ್ರ ಛಲೋನ ಆತು. ಆದ್ರ ರಕ್ತದ ಒತ್ತಡ ಕೊಳವ್ಯಾಗ ಕಾಣಂಗಿಲ್ರಿ. ನಿಮ್ಮಪ್ಪಗ ಏನಿತ್ತು?"

"ಸಕ್ಕರಿ ಇತ್ರಿ. ಬಚ್ಚಲಕ್ಕ ಇರುವಿ ಮುತ್ತತಿದ್ದವು. ಕಡೀಕ ಒಂದ ಕಡಿ ಕೈಕಾಲ ಬಿದ್ದು ಹೋದ್ರು. ಗಾಳಿ ಬಡದೈತಿ ಅಂದ್ರು ಊರವರು."

"ಗಾಳಿ ಅಲ್ರಿ ಅದು. ಇದ ಒತ್ತಡ ಇದ್ದಿರಬೇಕು, ಯಾರೂ ನೋಡಿಲ್ಲ ಅಷ್ಟ."

ಆಮೇಲೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಸಕ್ಕರೆ ಇದ್ದವರಿಗೆ ಒತ್ತಡ ಏರುವ ಸಾಧ್ಯತೆ ಹೆಚ್ಚು. ತಂದೆಗೋ ತಾಯಿಗೋ ಒತ್ತಡ ಇದ್ದರೆ ಇನ್ನೂ ಹೆಚ್ಚು. ಕೆಲವರ ಮೂತ್ರಪಿಂಡ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಆ ಗುಣವೂ ಹುಟ್ಟಿನಿಂದ ಬರಬಹುದು. ಎರಡು ರೋಗ ಕೂಡಿದರೆ ಕಣ್ಣು, ಮೂತ್ರಪಿಂಡ, ಹೃದಯ ಎಲ್ಲಕ್ಕೂ ಪೆಟ್ಟು. "ಮನೆತನದಾಗ ಐತಿ ಅಂದ್ರ ಎಲ್ಲಾರಿಗೂ ಬಂದ ಬರ್ತದ ಅಂತಲ್ಲ. ಆದ್ರ ಕಣ್ಣ ಮುಚ್ಚಿ ಕುಂದ್ರಂಗಿಲ್ಲ. ಒಡಹುಟ್ಟಿದವ್ರು, ಮಕ್ಕಳು, ಎಲ್ಲಾರೂ ತೋರಿಸ್ಕೋಬೇಕು" ಎಂದರು. ಗಂಗತ್ತಿ ಯಾರನ್ನೂ ಕೇಳಲಿಲ್ಲ. ಬಳೆ ಮೇಲೇರಿಸಿ ತನ್ನ ತೋಳನ್ನು ಮೇಜಿನ ಮೇಲಿಟ್ಟಳು. ಅವಳ ಒತ್ತಡ ಸರಿಯಾಗಿತ್ತು, ಸಕ್ಕರೆಯೂ ಇರಲಿಲ್ಲ. "ಇವತ್ತ ಇಲ್ಲ. ನಾಳಿನ ಮಾತು ನಾ ಹೇಳಂಗಿಲ್ಲ. ವರ್ಷಾ ವರ್ಷಾ ತೋರಿಸವಾ" ಎಂದು ಕಳಿಸಿದರು.

ಸುದ್ದಿ ಕೇಳಿ ಅವ್ವ ಅಳಲಿಲ್ಲ. ಅಳುವುದಕ್ಕೆ ನಮ್ಮ ಮನೆಯಲ್ಲಿ ಹೊತ್ತು ಗೊತ್ತುಮಾಡಿರಲಿಲ್ಲ. ಅದೇ ಸಂಜೆ ಮಕ್ತಲ್‌ನ ಮೆಣಸಿನಕಾಯಿಯ ಗಡಿಗೆಗಳನ್ನು ಅಟ್ಟಕ್ಕೆ ಏರಿಸಿ, ಏಣಿಯನ್ನು ತೆಗೆದು ದನದ ಕೊಟ್ಟಿಗೆಯಲ್ಲಿಟ್ಟಳು. ತನ್ನಿಂದ ಉಪಾಯ ಕಲಿತು ಹೋದ ಹೆಂಗಸರ ಮನೆಗಳಿಗೆ ತಾನೇ ಹೋಗಿ, "ನಾ ಹೇಳಿದ್ದು ತಪ್ಪಾಗೈತಿ, ಉಪ್ಪು ಕಡಿಮಿ ಮಾಡ್ರಿ" ಎಂದು ಹೇಳಿ ಬಂದಳು. ಇವತ್ತಿಗೂ ನಾನು ಅವ್ವನನ್ನು ನೆನೆದಾಗ ಮೊದಲು ಕಾಣುವುದು, ಬಿಸಿಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಮನೆಯಿಂದ ಮನೆಗೆ ನಡೆದ ಆ ನಡಿಗೆ. ಅಪ್ಪನ ಗೊಣಗಾಟ ಮಾತ್ರ ಬಹಳ ಕಾಲ ನಡೆಯಿತು. "ಈ ಪಲ್ಯೆ ತಿನ್ನೋದಕಿಂತ ಸೀರಿ ಅಂಚು ಅಗಿಯೋದು ಪಾಡ" ಎನ್ನುವರು. "ಅಗೀರಿ. ಅದಕ್ಕೂ ಉಪ್ಪು ಹಾಕಂಗಿಲ್ಲ" ಎನ್ನುವಳು ಅವ್ವ.

ಆ ವರ್ಷದ ಸುಗ್ಗಿಯ ಹೊತ್ತಿಗೆ ಗಂಗತ್ತಿಗೆ ಗದ್ವಾಲದ ಸಂಬಂಧ ಬಂತು. ಶೇಂಗಾ ಎಣ್ಣೆಯ ವ್ಯಾಪಾರದ ಮನೆ, ನಮ್ಮದೇ ಮತ, ಗೋತ್ರದ ಹಾಗೆ ನೋಡುವ ಬೆಡಗೂ ಕೂಡಿ ಬರುತ್ತಿತ್ತು. ಹುಡುಗ ಮಲ್ಲಣ್ಣ ಓದಿದವನು. ಗಂಗತ್ತಿಯ ಓರಗೆಯವರೆಲ್ಲ ಮದುವೆಯಾಗಿ ಹೋಗಿದ್ದರು. ಅವಳ ಎತ್ತರ ನೋಡಿ ಎರಡು ಮನೆಯವರು ಆಗಲೇ ತಿರುಗಿ ಹೋಗಿದ್ದರು. ಈ ಸಂಬಂಧ ತಪ್ಪಿದರೆ ಮತ್ತೊಂದು ಬರುವುದು ಕಷ್ಟವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗಂಗತ್ತಿಗೂ. ಅವಳಿಗೆ ಹುಡುಗ ಮನಸ್ಸಿಗೆ ಬಂದಿದ್ದ ಎಂಬುದು ನನಗೂ ಗೊತ್ತಿತ್ತು. ಸಂಬಂಧಿಕರ ಮದುವೆಯಲ್ಲಿ ಅವನನ್ನು ಒಮ್ಮೆ ನೋಡಿದ್ದಳಂತೆ. ಪಡಸಾಲೆಯಲ್ಲಿ ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು. ಗದ್ವಾಲದವರು ನೋಡಲು ಬರುವ ಹಿಂದಿನ ದಿನ ಆಯಿ ಎಲ್ಲರನ್ನೂ ನಡುಮನೆಯಲ್ಲಿ ಕೂಡಿಸಿದಳು.

"ನಾಳೆ ಮನೆತನದಾಗ ಏನರ ಐತೇನು ಅಂತ ಕೇಳ್ತಾರ. ಏನಿಲ್ರಿ, ಎಲ್ಲಾ ಸ್ವಚ್ಛ ಅಂತ ಹೇಳೂದು. ಸಕ್ಕರಿ, ಒತ್ತಡ, ರಾಯಚೂರು, ಯಾವುದೂ ಬಾಯಿಂದ ಬರಬಾರದು. ತಿಳೀತೇನ ವೀರಣ್ಣ?"

ಅಪ್ಪ ತಲೆ ತಗ್ಗಿಸಿಯೇ ಉತ್ತರ ಕೊಟ್ಟರು. "ನಮ್ಮ ದುಕಾನದಾಗ ಕೊರತಿ ಮೊದಲ ತೋರಸ್ತೀವಿ ಯವ್ವಾ. ನೀನ ಕಲಿಸಿದ್ದು."

"ದುಕಾನದ ಮಾತು ದುಕಾನದಾಗ ಇರ್ಲಿ. ಹೆಣ್ಣಮಗಳು ಸೀರಿ ಅಲ್ಲ."

"ಅಲ್ಲ ಯವ್ವಾ" ಎಂದಳು ಗಂಗತ್ತಿ. ಅವಳು ಮಾತಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ. "ಸೀರಿಗೆ ಬಾಯಿಲ್ಲ. ನನಗ ಐತಿ."

ಆಯಿ ಎದ್ದು ಹೋದಳು. ಅವ್ವ ಗಂಗತ್ತಿಯನ್ನು ಅಡುಗೆಮನೆಗೆ ಕರೆದು ಬಹಳ ಹೊತ್ತು ಹೇಳಿದಳು. ಮದುವೆಯಾದ ಮೇಲೆ ಗಂಡನಿಗೊಬ್ಬನಿಗೆ ಹೇಳಿದರಾಯಿತು, ಹತ್ತು ಜನರ ಮುಂದೆ ಯಾಕೆ. ಗಂಗತ್ತಿ, "ವೈನಿ, ನೀವು ಓಣ್ಯಾಗ ಮನಿ ಮನಿಗೆ ಹೋಗಿ ತಪ್ಪಾತು ಅಂತ ಹೇಳಿ ಬಂದ್ರಿ. ನಾ ಇದ್ದದ್ದು ಹೇಳಾಕ ಅಂಜಲೇನು?" ಎಂದು ಕೇಳಿದಳು.

ಮರುದಿನ ಬಂದವರು ಹುಡುಗ, ಅವನ ತಾಯಿ ಸಂಗಮ್ಮ, ಸೋದರಮಾವ ಚೆನ್ನಪ್ಪ. ಹುಡುಗನ ತಂದೆಗೆ ಎಣ್ಣೆಗಾಣದ ಕೆಲಸ ಬಿಟ್ಟು ಬರಲಾಗಲಿಲ್ಲ ಎಂದರು. ಚೆನ್ನಪ್ಪ ದೊಡ್ಡ ಮಾತುಗಾರ. ಪಡಸಾಲೆಯ ಸೀರೆಗಳನ್ನು ನೋಡಿ, "ನಮ್ಮ ಗದ್ವಾಲ ಸೀರಿ ಬೆಂಕಿಪೆಟಗ್ಯಾಗ ಹಿಡೀತದ ನೋಡ್ರಿ" ಎಂದು ಕೆಣಕಿದ. "ಹಿಡೀತದ್ರಿ. ನಮ್ಮದು ಉಟ್ಟವ್ರ ಮೈಮ್ಯಾಲೆ ಹಿಡೀತದ" ಎಂದರು ಅಪ್ಪ. ಎಲ್ಲರೂ ನಕ್ಕರು. ಉಪ್ಪಿಟ್ಟಿನ ತಟ್ಟೆಗಳು ಬಂದವು. ಗಂಗತ್ತಿ ಚಹಾ ತಂದಳು. ಗದ್ವಾಲದವರು ಮಾತಿನ ನಡುವೆ ತೆಲುಗಿಗೆ ಹೊರಳುವುದು ಸಹಜ. ಚೆನ್ನಪ್ಪ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, ಕೇಳಲೇಬೇಕೆಂದು ಕೇಳುವವನ ಹಾಗೆ, "ರೋಗಂ ಗೀಗಂ ಏಮೀ ಲೇದು ಕದಾ?" ಎಂದ. ರೋಗ ಗೀಗ ಏನೂ ಇಲ್ಲವಲ್ಲ ಎಂದು. ಅದಕ್ಕೆ ಯಾವ ಮನೆಯವರೂ ಇದೆ ಎಂದು ಉತ್ತರ ಕೊಡುವುದಿಲ್ಲ. ಆಯಿ ಬಾಯಿ ತೆರೆಯುವಷ್ಟರಲ್ಲಿ ಗಂಗತ್ತಿ ಚಹಾದ ತಾಟನ್ನು ಕೆಳಗಿಟ್ಟಳು.

"ಐತ್ರಿ. ನಮ್ಮಪ್ಪಗ ಸಕ್ಕರಿ ಇತ್ತು, ಒತ್ತಡಾನೂ ಇದ್ದಿರಬೇಕು. ಅಣ್ಣಗ ಎರಡೂ ಅದಾವ. ನಾನೂ ರಾಯಚೂರಾಗ ತೋರಿಸ್ಕೊಂಡೀನಿ, ಇವತ್ತು ನನಗ ಏನಿಲ್ಲ. ಮುಂದ ಬಂದ್ರ ಬರಬಹುದು, ಮಕ್ಕಳಿಗೂ ಬರಬಹುದು. ತಿಳದಿರ್ಲಿ ಅಂತ ಹೇಳೀನಿ."

ಚೆನ್ನಪ್ಪನ ಬಸಿ ತುಟಿಯ ಹತ್ತಿರ ಹೋದದ್ದು ಹಾಗೆಯೇ ಕೆಳಗಿಳಿಯಿತು. ಸಂಗಮ್ಮ ಗಂಗತ್ತಿಯ ಮುಖವನ್ನೇ ನೋಡುತ್ತ ಕುಳಿತಳು. ಹುಡುಗ ಮಾತ್ರ ತನ್ನ ಚಹಾವನ್ನು ಪೂರ್ತಿ ಕುಡಿದು ಕಪ್ಪನ್ನು ತಾಟಿನಲ್ಲಿಟ್ಟ. ತಾಟು ಒಳಗೊಯ್ದವಳು ನಾನೇ ಆದ್ದರಿಂದ ಯಾವ ಕಪ್ಪು ಬರಿದಾಗಿತ್ತು, ಯಾವುದು ತುಂಬಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. "ಹೇಳಿ ಕಳಸ್ತೀವ್ರಿ" ಎಂದು ಚೆನ್ನಪ್ಪ ಎದ್ದ. ಹೇಳಿ ಕಳಿಸುತ್ತೇವೆ ಎಂದರೆ ಇಲ್ಲ ಎಂದೇ ಅರ್ಥ.

ಆಮೇಲಿನ ದಿನಗಳು ಮನೆಗೆ ಭಾರವಾಗಿದ್ದವು. ಆಯಿ ಮಗಳ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ನನ್ನನ್ನು ನಡುವೆ ಇಟ್ಟುಕೊಳ್ಳುವಳು. "ನಿಮ್ಮತ್ತಿಗೆ ಹೇಳು, ಹಾಲು ಉಕ್ಕಾಕತ್ತೈತಿ ಅಂತ." ಗಂಗತ್ತಿ ಎದುರಿಗೇ ನಿಂತಿರುತ್ತಿದ್ದಳು. "ನಿಮ್ಮ ಆಯಿಗೆ ಹೇಳು, ಇಳಿಸೀನಿ ಅಂತ." ನಾನು ಎರಡೂ ಕಡೆಗೆ ನಿಷ್ಠೆಯಿಂದ ಒಪ್ಪಿಸುತ್ತಿದ್ದೆ. ಸುದ್ದಿ ಪೇಟೆಗೂ ಹಬ್ಬಿತು. ಗುಂಡುಮಾಲ್‌ನಿಂದ ಬರಬೇಕಿದ್ದ ಇನ್ನೊಂದು ಸಂಬಂಧದವರು ಬರಲಿಲ್ಲ. ಅಪ್ಪನಿಗೆ ತನ್ನ ರೋಗದಿಂದಾಗಿ ತಂಗಿಯ ಬಾಳು ನಿಂತಿತೆಂಬ ಕೊರಗು. ಗಂಗತ್ತಿ ಸೀರೆ ಮಡಚುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಬಾಗಿಲಲ್ಲಿ ಟಾಂಗಾ ನಿಂತ ಸದ್ದಾದರೆ ಅವಳ ಕೈ ನಿಲ್ಲುವುದನ್ನು ನಾನು ನೋಡಿದ್ದೇನೆ.

ಹಾಗೆ ನಿಂತ ಒಂದು ಟಾಂಗಾದಿಂದ ಸಂಗಮ್ಮ ಒಬ್ಬಳೇ ಇಳಿದಳು. ಗದ್ವಾಲದಿಂದ ಬಸ್ಸು ಬದಲಿಸಿ ಬಂದಿದ್ದಳು, ಮುಖ ಧೂಳಾಗಿತ್ತು. ಅವ್ವ ಚಾಪೆ ಹಾಸಿ ನೀರು ಕೊಟ್ಟಳು. ಆಯಿ ದೇವರ ಕೋಣೆಯಿಂದ ಅವಸರದಲ್ಲಿ ಹೊರಗೆ ಬಂದಳು. ಸಂಗಮ್ಮ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸುತ್ತ ನೋಡಿ ದನಿ ಇಳಿಸಿದಳು.

"ಅಕ್ಕಾರ, ಮದಿವಿ ಮಾತು ಆಮ್ಯಾಲೆ ಆಡೂಣ. ನಿಮ್ಮನ್ಯಾಗ ಒಂದು ಗಾಜಿನ ಕೊಳವಿ ಐತೆಂತ ಪೇಟ್ಯಾಗ ಅಂತಾರ. ಅದನ್ನ ನನಗ ತೋರಸ್ರಿ."

"ಯಾಕ್ರಿ?" ಎಂದಳು ಅವ್ವ.

"ನಮ್ಮನಿಯವ್ರು ಅವತ್ತು ಗಾಣದ ಕೆಲಸ ಅಂತ ಬರಲಿಲ್ಲಲ್ರಿ, ಅದು ಸುಳ್ಳು. ಕಾಲಾಗ ಹುಣ್ಣಾಗಿ ಮಾಯವಲ್ದು. ಬಚ್ಚಲಕ್ಕ ಇರುವಿ ಮುತ್ತತಾವ. ಮಗನ ಲಗ್ನ ಆಗೂತನಕ ದವಾಖಾನಿ ಹೆಸರ ಎತ್ತಬ್ಯಾಡ ಅಂತ ನಮ್ಮಣ್ಣ ಚೆನ್ನಪ್ಪ ಬಾಯಿ ಕಟ್ಯಾನ. ನಿಮ್ಮ ಹುಡುಗಿ ಅವತ್ತು ಅಷ್ಟು ಮಂದ್ಯಾಗ ಬಾಯಿಬಿಟ್ಟು ಹೇಳಿದ್ಲು. ನಾ ಅಲ್ಲೇ ಕುಂತು ಸುಮ್ಮನ ಎದ್ದು ಬಂದೆ. ಆವಾಗಿಂದ ತುತ್ತು ಒಳಗ ಹೋಗವಲ್ದು."

ಗಂಗತ್ತಿ ಮಡಚುತ್ತಿದ್ದ ಸೀರೆಯನ್ನು ಬದಿಗಿಟ್ಟು ಎದ್ದಳು. ಸಂಗಮ್ಮನನ್ನು ಹಿತ್ತಲಿಗೆ ಕರೆದೊಯ್ದು, ಕೊಳವೆ, ದ್ರಾವಣ, ದೀಪ ಎಲ್ಲವನ್ನೂ ಮುಂದಿಟ್ಟು ಹೇಗೆಂದು ತೋರಿಸಿದಳು. ಆದರೆ ಕೊಳವೆ ಅರ್ಧ ಮಾತ್ರ ಹೇಳುತ್ತದೆ, ತೋಳಿಗೆ ಬಟ್ಟೆ ಸುತ್ತಿಸದೆ ಬಿಡಬೇಡಿ ಎಂದಳು. ಅದೇ ವಾರ ಅಪ್ಪನೇ ಗದ್ವಾಲಕ್ಕೆ ಹೋಗಿ ಹುಡುಗನ ತಂದೆ ಬಸಣ್ಣನವರನ್ನು ರಾಯಚೂರಿಗೆ ಕರೆದೊಯ್ದರು. ಸಕ್ಕರೆಯೂ ಇತ್ತು, ಒತ್ತಡವೂ ಇತ್ತು. ಇನ್ನೂ ತಡವಾಗಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ. ಹುಣ್ಣು ಮಾಯಲು ತಿಂಗಳುಗಳು ಹಿಡಿದವು, ಕಾಲು ಉಳಿಯಿತು.

ಈಗ ಮನೆಯಲ್ಲಿ ಜಗಳ ತಿರುವುಮುರುವಾಯಿತು. ಆಯಿಗೆ ಸಂತೋಷವೋ ಸಂತೋಷ. "ಅವ್ರಿಗೂ ಐತಿ, ನಮಗೂ ಐತಿ, ಸಮಾ ಆತು" ಎಂದು ಮಗಳ ಜೊತೆ ಮಾತೂ ಶುರು ಮಾಡಿದಳು. ಬೇಡವೆಂದು ನಿಂತವರು ಅಪ್ಪ. "ಸಮಾ ಆಗಿಲ್ಲ, ಜೋಡಿ ಆಗೈತಿ. ತಂದಿ ಕಡಿಂದ ಒಂದು, ತಾಯಿ ಕಡಿಂದ ಒಂದು. ಹುಟ್ಟೋ ಕೂಸು ಏನ ಮಾಡಬೇಕು?" ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಇದನ್ನು ಬರೆಯುವಾಗಲೂ ಅದಕ್ಕೆ ಪೂರ್ತಿ ಉತ್ತರವಿಲ್ಲ. ಗಂಗತ್ತಿ ಮತ್ತೆ ರಾಯಚೂರಿಗೆ ಹೋಗಿ ವೈದ್ಯರನ್ನೇ ಕೇಳಿದಳು. ಎರಡೂ ಕಡೆ ಇದ್ದರೆ ಮಕ್ಕಳ ಮೇಲೆ ಹೊರೆ ಹೆಚ್ಚು, ಆದರೆ ಯಾರಿಗೆ ಬರುತ್ತದೆ, ಯಾರಿಗೆ ತಪ್ಪುತ್ತದೆ ಎಂದು ಯಾರೂ ಹೇಳಲಾರರು ಎಂದರಂತೆ ಅವರು. ತಿರುಗಿ ಬಂದು ಅಪ್ಪನ ಮುಂದೆ ಕುಳಿತಳು.

"ಅಣ್ಣ, ಮಗ್ಗದಾಗ ಹಾಸು ಹಿರೇರು ಹಾಕಿ ಹೋಗ್ಯಾರ. ಅದನ್ನ ಬಿಚ್ಚಾಕ ಆಗಂಗಿಲ್ಲ. ಹೊಕ್ಕು ಹಾಕೋರು ನಾವು. ಏನೂ ಇಲ್ಲ ಅನ್ನೋ ಮನಿ ಹುಡುಕಿದ್ರ ಸುಳ್ಳ ಹೇಳೋ ಮನಿ ಸಿಗ್ತದ. ಇವ್ರದು ಏನೈತಿ ಅನ್ನೋದು ಗೊತ್ತಾಗೈತಿ. ನಾ ಅಲ್ಲಿಗೇ ಹೋಗ್ತೀನಿ."

ಅಪ್ಪ, "ಮಗ್ಗದ ಮಾತು ಆಡಿ ನನ್ನ ಬಾಯಿ ಮುಚ್ಚಿಸ್ತಿ" ಎಂದು ಎದ್ದರು. ಅದೇ ಒಪ್ಪಿಗೆ.

ನಿಶ್ಚಯದ ದಿನ ಕೊಡುವ ತರುವ ಮಾತೆಲ್ಲ ಮುಗಿದ ಮೇಲೆ ಚೆನ್ನಪ್ಪ ಹಳೆಯ ಗತ್ತಿನಲ್ಲೇ, "ಹುಡುಗಿ ಕಡೆಯವ್ರು ಇನ್ನೇನರ ಕೇಳೋದೈತೇನ್ರಿ?" ಎಂದ. ಇದೂ ಉತ್ತರ ಬಯಸದ ಪ್ರಶ್ನೆಯೇ. ಗಂಗತ್ತಿ ಒಳಬಾಗಿಲಲ್ಲಿ ನಿಂತೇ ಕೇಳಿದಳು.

"ಎರಡು ಕೇಳ್ತೀನ್ರಿ. ನಿಮ್ಮ ಹುಡುಗ ವರ್ಷಾ ವರ್ಷಾ ನನ್ನ ಜೋಡಿ ಬಂದು ತೋರಿಸ್ಕೋಬೇಕು. ಮತ್ತ, ಮನ್ಯಾಗಿನ ಉಪ್ಪಿನ ಗಡಿಗಿ ಮೊದಲನೇ ದಿನದಿಂದ ನನ್ನ ಕೈಯಾಗ ಇರಬೇಕು."

ಉಪ್ಪಿನ ಗಡಿಗೆ ಎಂದರೆ ಅತ್ತೆಯ ರಾಜ್ಯ. ಹೊಸ ಸೊಸೆ ಅದನ್ನು ಮುಟ್ಟಲು ವರ್ಷಗಳು ಕಳೆಯಬೇಕು. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯಿ ಹಣೆ ಬಡಿದುಕೊಂಡಳು. ಸಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವುದನ್ನು ನಾನು ಮೊದಲ ಸಲ ನೋಡಿದೆ. "ಗಡಿಗಿ ತಗೋವಾ. ತಿಜೋರಿ ಕೀಲಿಕೈ ಮಾತ್ರ ಈಗ್ಲೇ ಕೇಳಬ್ಯಾಡ" ಎಂದಳು.

ಈಗ ಇದಕ್ಕೆ ವಂಶವಾಹಿಗಳ ಹೆಸರಿನಲ್ಲಿ ದೊಡ್ಡ ವಿದ್ಯೆಯೇ ಇದೆ. ಒಂದೇ ಬೀಜದಿಂದ ಬರುವ ರೋಗವಲ್ಲ, ಅನೇಕ ಸಣ್ಣ ಸಣ್ಣ ಗುಣಗಳು ಕೂಡಿ ಸಕ್ಕರೆಯವರಲ್ಲಿ ಒತ್ತಡವನ್ನು ಏರಿಸುತ್ತವೆ, ಉಣ್ಣುವ ಉಪ್ಪು, ಮೈತೂಕ, ಕೂತೇ ಇರುವ ಬದುಕು ಅವುಗಳ ಜೊತೆ ಕೈ ಜೋಡಿಸುತ್ತವೆ ಎಂದು ಓದಿದ್ದೇನೆ. ನನಗೂ ಐವತ್ತರ ಆಚೆ ಎರಡೂ ಬಂದವು. ಬರುವುದೆಂದು ಗೊತ್ತಿದ್ದುದರಿಂದ ಬಂದ ವರ್ಷವೇ ಹಿಡಿದೆ, ಈಗಲೂ ಕನ್ನಡಕವಿಲ್ಲದೆ ಅಕ್ಕಿ ಆರಿಸುತ್ತೇನೆ. ಗಂಗತ್ತಿಯ ಇಬ್ಬರು ಮಕ್ಕಳಲ್ಲಿ ಮಗನಿಗೆ ಎರಡೂ ಇವೆ, ಮಗಳಿಗೆ ಯಾವುದೂ ಇಲ್ಲ. ಅವಳೇ ತಮಾಷೆ ಮಾಡುತ್ತಾಳೆ, "ಆಸ್ತಿ ಹಂಚೋದ್ರಾಗ ನನಗ ಮೋಸ ಆತು" ಎಂದು. ನಮ್ಮ ಎರಡೂ ಮನೆತನಗಳಲ್ಲಿ ಹುಡುಗನಾಗಲಿ ಹುಡುಗಿಯಾಗಲಿ, ಮದುವೆಯ ಮಾತಿಗೆ ಕೂತಾಗ ಇದನ್ನು ಮುಚ್ಚಿಟ್ಟವರಿಲ್ಲ. ಕೆಲವು ಸಂಬಂಧಗಳು ಇದರಿಂದ ತಪ್ಪಿಯೂ ಹೋಗಿವೆ. ಹೋಗಲಿ ಎಂದು ಬಿಟ್ಟಿದ್ದೇವೆ.

ಮದುವಣಗಿತ್ತಿಯ ಜೊತೆ ತವರಿನ ಚಿಕ್ಕ ಹುಡುಗಿಯೊಬ್ಬಳನ್ನು ಕೆಲವು ದಿನದ ಮಟ್ಟಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಹಾಗಾಗಿ ಗದ್ವಾಲದ ಆ ಮನೆಯಲ್ಲಿ ಗಂಗತ್ತಿ ಮಾಡಿದ ಮೊದಲ ಅಡುಗೆಯನ್ನು ನಾನು ಕಣ್ಣಾರೆ ಕಂಡೆ. ಅವಳು ಬಹಳ ಯೋಚಿಸಿ ಪುಂಡಿಪಲ್ಯ ಆರಿಸಿಕೊಂಡಿದ್ದಳು, ಅದರ ಹುಳಿಯಲ್ಲಿ ಉಪ್ಪಿನ ಕೊರತೆ ಅಷ್ಟಾಗಿ ಎದ್ದು ಕಾಣುವುದಿಲ್ಲವೆಂದು. ಬಸಣ್ಣನವರು ಕಾಲಿಗೆ ಬಟ್ಟೆ ಕಟ್ಟಿಕೊಂಡು ಮಣೆಯ ಮೇಲೆ ಕುಳಿತರು. ಪಕ್ಕದಲ್ಲಿ ಚೆನ್ನಪ್ಪ, ಆಚೆ ಮಲ್ಲಣ್ಣ ಮಾವ. ಸಂಗಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಚೆನ್ನಪ್ಪ ಮೊದಲ ತುತ್ತಿಗೇ ತಲೆ ಎತ್ತಿದ.

"ಸೊಸಿ ಉಪ್ಪು ಮರ್ತಾಳ ನೋಡ್ರಿ ಭಾವಾ."

ಬಸಣ್ಣನವರು ರೊಟ್ಟಿ ಮುರಿದು, ಪಲ್ಯ ಹಚ್ಚಿ, ನಿಧಾನ ಅಗಿದು ನುಂಗಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

"ಮರ್ತೇನವಾ?"

"ಇಲ್ರಿ ಮಾವಾರ" ಎಂದಳು ಗಂಗತ್ತಿ. "ತಿಳದ ಕಡಿಮಿ ಹಾಕೀನಿ. ನಾಳೆನೂ ಹಿಂಗ ಇರ್ತದ."

ಅವರು ತಮ್ಮ ಕಾಲಿನ ಬಟ್ಟೆಯನ್ನೊಮ್ಮೆ ನೋಡಿಕೊಂಡರು. ಚೆನ್ನಪ್ಪ ಉಪ್ಪಿನ ಬಟ್ಟಲಿಗೆಂದು ಸಂಗಮ್ಮನ ಕಡೆ ಕೈ ಚಾಚಿದ. ಅವಳು ಕಂಬ ಬಿಟ್ಟು ಅಲುಗಲಿಲ್ಲ. "ನನ್ನ ಕೈಯಾಗ ಇಲ್ಲಪಾ, ಆಕೀನ್ನ ಕೇಳು" ಎಂದಳು. ಚೆನ್ನಪ್ಪ ಗಂಗತ್ತಿಯ ಎತ್ತರವನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ. ಬಸಣ್ಣನವರು ಊಟದ ಗಂಗಾಳವನ್ನು ನನ್ನ ಕಡೆಗೆ ಸರಿಸಿ, "ಇನ್ನೊಂದು ರೊಟ್ಟಿ ಹಾಕವಾ" ಎಂದರು. ರೊಟ್ಟಿಯ ಬುಟ್ಟಿ ನನ್ನ ಕೈಯಲ್ಲಿತ್ತು. ನಾನು ಇದ್ದುದರಲ್ಲಿ ದೊಡ್ಡದನ್ನೇ ಆರಿಸಿ ಹಾಕಿದೆ.